ಮೊದಲ ನಾಟಕ ಉತ್ಸವಕ್ಕೆ ಆಯ್ಕೆಯಾಗಿದೆ, ನಿರ್ದೇಶಕರು ದೃಶ್ಯ ತೆಗೆಯಿರಿ ಅಂತಿದ್ದಾರೆ

ಕೇಳಿದವರು, ಬೆಂಗಳೂರು:
ಹೊಸ ನಾಟಕಕಾರರ ಉತ್ಸವವೊಂದಕ್ಕೆ ನನ್ನ ನಾಟಕ ಆಯ್ಕೆಯಾಗಿದೆ. ರಿಹರ್ಸಲ್ ಇನ್ನೂ ಶುರುವಾಗಿಲ್ಲ. ಆಗಲೇ ನಿರ್ದೇಶಕರು ಮೂರನೇ ದೃಶ್ಯ ಪೂರ್ತಿ ತೆಗೆಯಿರಿ ಅನ್ನುತ್ತಿದ್ದಾರೆ. ನನಗೆ ಅದೇ ಇಷ್ಟದ ದೃಶ್ಯ. ಬರೆದವರು ಎಷ್ಟು ಬಿಟ್ಟುಕೊಡಬೇಕು? ಅನುಭವ ಇದ್ದವರು ಹೇಳಿ.

ನಾಟಕ ಬರೆಯುವವರು, ಮೈಸೂರು:
ಈಗಲೇ ಹೂಂ ಅನ್ನಬೇಡಿ, ಊಹೂಂ ಅಂತಲೂ ಅನ್ನಬೇಡಿ. ಮೊದಲು ಒಂದು ರೀಡಿಂಗ್ ಇಟ್ಟುಕೊಳ್ಳೋಣ ಅನ್ನಿ. ನೀವು ಮಾತ್ರ ಓದಬೇಡಿ. ಬರೆದವರೇ ಓದಿದರೆ ಕಾಗದದಲ್ಲಿ ಇಲ್ಲದ್ದನ್ನೂ ದನಿಯಲ್ಲಿ ತುಂಬಿಬಿಡುತ್ತೇವೆ. ನಟರು ಮಾತು ಓದಲಿ, ರಂಗಸೂಚನೆ ಇನ್ಯಾರಾದರೂ ಓದಲಿ. ನೀವು ಹಿಂದೆ ಕೂತು ಕೇಳುವವರನ್ನು ನೋಡುತ್ತಿರಿ. ಯಾರು ಎಲ್ಲಿ ಫೋನ್ ತೆಗೆದರು ಅಂತ ಗುರುತು ಹಾಕಿಕೊಳ್ಳಿ. ಆಮೇಲೆ "ಚೆನ್ನಾಗಿತ್ತು" ಅಂತ ಎಲ್ಲರೂ ಹೇಳುತ್ತಾರೆ, ಅದು ಲೆಕ್ಕಕ್ಕಿಲ್ಲ.

ನನ್ನ ಗೆಳತಿಯ ನಾಟಕಕ್ಕೂ ಹೀಗೇ ಆಗಿತ್ತು. ರೀಡಿಂಗ್‌ನಲ್ಲಿ ನೋಡಿದರೆ ತೆಗೆಯಬೇಕು ಅಂದಿದ್ದ ದೃಶ್ಯ ಗಟ್ಟಿಯಾಗಿತ್ತು. ಅದಕ್ಕೆ ಮುಂಚಿನ ದೃಶ್ಯದಲ್ಲೇ ಅಣ್ಣ ಮನೆ ಮಾರಿದ ವಿಷಯ ಹೊರಬಿದ್ದಿತ್ತು. ಮುಂದೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ, ಅಷ್ಟೇ. ಅಲ್ಲಿ ನಾಲ್ಕು ಸಾಲು ಹೋಯಿತು, ದೃಶ್ಯ ಉಳಿಯಿತು.

ಮುಂಬೈನ ರೇಜ್ ತಂಡ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರ್ ಜೊತೆ ಸೇರಿ ನಡೆಸಿದ ರೈಟರ್ಸ್ ಬ್ಲಾಕ್ ಉತ್ಸವದಲ್ಲಿ ಮೊದಲು ಕಮ್ಮಟ, ಆಮೇಲೆ ತಿದ್ದಿದ ಕರಡುಗಳು, ಕೊನೆಗೆ ವೇದಿಕೆ. ನಮ್ಮ ಕಡೆ ಎಷ್ಟೋ ಸಲ ಆಯ್ಕೆ ಪಟ್ಟಿಯಿಂದ ನೇರ ವೇದಿಕೆಗೇ ಹಾರುತ್ತೇವೆ. ನಡುವಿನ ಕೆಲಸ ನಮ್ಮ ತಲೆಗೇ ಬೀಳುತ್ತದೆ.

ಲೈಟಿಂಗ್ ಮಾಡುವವರು, ಬೆಂಗಳೂರು:
ಮೂರನೇ ದೃಶ್ಯಕ್ಕೆ ಬೇರೆ ಸೆಟ್ ಬೇಕಾ? ಕೇಳಿ ನೋಡಿ, ಕಾರಣ ಅದೇ ಇರಬಹುದು. ಉತ್ಸವ ಅಂದರೆ ಹಿಂದಿನ ತಂಡ ಸೆಟ್ ಬಿಚ್ಚುತ್ತಿರುವಾಗಲೇ ನಿಮ್ಮದು ಒಳಗೆ ಬರುತ್ತದೆ. ಲೈಟ್‌ಗಳೂ ಎಲ್ಲ ತಂಡಕ್ಕೂ ಸೇರಿ ಕಟ್ಟಿದವು. ದೃಶ್ಯಕ್ಕೊಂದು ಬ್ಲ್ಯಾಕೌಟ್ ಬರೆದಿದ್ದರೆ ಕಡಿಮೆ ಮಾಡಿ. ಎಂಟು ಜನ ಕತ್ತಲಲ್ಲಿ ಮಂಚ ಎಳೆಯುವುದನ್ನು ಕೇಳಿಸಿಕೊಳ್ಳೋಕೆ ಯಾರೂ ಟಿಕೆಟ್ ತಗೊಂಡಿರಲ್ಲ!

ಇನ್ನೊಂದು. ನಮ್ಮ ಬೆಂಗಳೂರಿನ ರಂಗ ಶಂಕರ ನಾಟಕಮಂದಿರದಲ್ಲಾದರೆ ಹೇಳಿದ ಹೊತ್ತಿಗೆ ನಾಟಕ ಶುರು, ತಡವಾಗಿ ಬಂದವರಿಗೆ ಒಳಗೆ ಬಿಡುವುದಿಲ್ಲ. ಅಲ್ಲಿ ಮೊದಲ ಸಾಲಿನಿಂದಲೇ ಕಥೆ ಹಿಡಿಯಬಹುದು. ಜನ ಬರುತ್ತಲೇ ಇರುವ ಹಾಲ್ ಆದರೆ ಮುಖ್ಯ ಸುಳಿವನ್ನು ಶುರುವಿನಲ್ಲೇ ಇಡಬೇಡಿ.

ನಿರ್ದೇಶಕಿ, ಶಿವಮೊಗ್ಗ:
ರೀಡಿಂಗ್ ವಿಷಯದಲ್ಲಿ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮಾತು ಕಡಿಮೆ ಇರುವ ದೃಶ್ಯ ಓದಿನಲ್ಲಿ ಸಪ್ಪೆ ಅನಿಸುತ್ತದೆ, ನಟರು ಎದ್ದು ನಿಂತರೆ ಜೀವ ಬರುತ್ತದೆ. ನಿಮ್ಮದು ಅಂಥದ್ದಾದರೆ ಒಂದು ವಾರ ಬ್ಲಾಕಿಂಗ್ (ಯಾರು ಎಲ್ಲಿ ನಿಲ್ಲಬೇಕು, ಹೇಗೆ ಓಡಾಡಬೇಕು ಅಂತ ಕೂಡಿಸುವುದು) ಮಾಡಿ ನೋಡೋಣ, ಆಮೇಲೂ ಬೇಡ ಅನಿಸಿದರೆ ತೆಗೆಯೋಣ ಅಂತ ಕೇಳಿ. ನಾನಾದರೆ ಒಪ್ಪುತ್ತೇನೆ. ಆದರೆ ದಿನಾ ರಿಹರ್ಸಲ್‌ಗೆ ಬಂದು ನಟರಿಗೆ ನೇರವಾಗಿ ಸಲಹೆ ಕೊಡಬೇಡಿ ದಯವಿಟ್ಟು. ಏನಿದ್ದರೂ ನಿರ್ದೇಶಕರ ಹತ್ತಿರ, ಟೀ ಹೊತ್ತಲ್ಲಿ.

ನಾಟಕ ಬರೆಯುವವರು, ಧಾರವಾಡ:
ದೃಶ್ಯದ ಜಗಳ ಇರಲಿ, ಉತ್ಸವದವರು ಕೊಟ್ಟ ಒಪ್ಪಿಗೆ ಫಾರಂಗೆ ಸಹಿ ಹಾಕಿದ್ದೀರಾ? ಓದಿ ನೋಡಿ. ಕೃತಿಸ್ವಾಮ್ಯ ಬರೆದಾಗಲೇ ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಹಕ್ಕು ಬರೆದುಕೊಟ್ಟು ಅವಧಿ ನಮೂದಿಸದಿದ್ದರೆ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಐದು ವರ್ಷ ಅಂತ ಹಿಡಿಯುತ್ತಾರೆ. ಆದ್ದರಿಂದ "ಈ ಉತ್ಸವದ ಪ್ರದರ್ಶನಗಳಿಗೆ ಮಾತ್ರ ಅನುಮತಿ, ಮುಂದಿನವಕ್ಕೆ ಮತ್ತೆ ಕೇಳಬೇಕು" ಅಂತ ಒಂದು ಸಾಲು ಸೇರಿಸಿ. ಪುಸ್ತಕ ಮಾಡುವ ಹಕ್ಕು ನಿಮ್ಮಲ್ಲೇ ಇರಲಿ. ಅದರಲ್ಲಿ ಮೂರನೇ ದೃಶ್ಯ ಹಾಕಿಕೊಳ್ಳಿ, ಯಾರು ಬೇಡ ಅಂತಾರೆ?