ಪ್ರಶ್ನೋತ್ತರ: ತಾತ, ಅಪ್ಪ, ಮಗಳು, ಮೂವರಿಗೂ ಒತ್ತಕ್ಷರದ ಕಾಟ

ತಾಯಿ, ತಿಪಟೂರು: ಮೇಡಂ, ಮಗಳಿಗೆ 9 ವರ್ಷ. ಮೂರಂಕಿಯ ಗುಣಾಕಾರ ಬಾಯಲ್ಲೇ ಮಾಡುತ್ತಾಳೆ. ಓದಲು ಕೂರಿಸಿದರೆ ‘ಮಸ್ತಕ’ವನ್ನು ‘ಪುಸ್ತಕ’ ಅನ್ನುತ್ತಾಳೆ. ಇವರಪ್ಪ ಮೋಟಾರ್ ರಿವೈಂಡಿಂಗ್‌ನಲ್ಲಿ ಎತ್ತಿದ ಕೈ, ಓದು ಏಳಕ್ಕೇ ನಿಂತಿತು. ಮಾವನವರು ಕೊಬ್ಬರಿ ಮಂಡಿಯ ಲೆಕ್ಕವನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದರು, ಸಹಿ ಮಾತ್ರ ಹೆಬ್ಬೆಟ್ಟು. ಶಾಲೆಯಲ್ಲಿ ಸೋಮಾರಿ ಅನ್ನುತ್ತಾರೆ.

ಮನಶ್ಶಾಸ್ತ್ರಜ್ಞೆ: ಸೋಮಾರಿ ಅಲ್ಲವೇ ಅಲ್ಲ. ನಿಮ್ಮ ಮಾವನವರನ್ನು ಒಮ್ಮೆ ನೋಡಬೇಕಿತ್ತು ಅನ್ನಿಸುತ್ತಿದೆ. ಇದು ಡಿಸ್ಲೆಕ್ಸಿಯಾ ಇರಬಹುದು, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಮಾತ್ರ ತೊಡಕಾಗುವುದು. ನೋಡದೆ ಖಚಿತವಾಗಿ ಹೇಳಲ್ಲ. ಇದು ಮನೆತನದಲ್ಲಿ ಹರಿಯುತ್ತದೆ. ಅಪ್ಪ ಅಥವಾ ಅಮ್ಮನಿಗಿದ್ದರೆ ಮಗುವಿಗೂ ಬರುವ ಸಾಧ್ಯತೆ ಹೆಚ್ಚುಕಡಿಮೆ ಅರ್ಧ. ನಿಮ್ಮ ಮಗಳು ಜಾಣೆ, ಅದೇ ತೊಂದರೆ. ಮೊದಲಕ್ಷರ ತಪ್ಪಿದರೂ ಉಳಿದದ್ದನ್ನು ಊಹಿಸಿ ಓದುತ್ತಾಳೆ. ಪಾಠ ಬಾಯಿಪಾಠ ಆಗಿರುತ್ತದೆ, ಟೀಚರ್‌ಗೆ ಗೊತ್ತಾಗಲ್ಲ. ಇವತ್ತು ಅರ್ಥವಿಲ್ಲದ ಪದ ಬರೆದು ಕೊಡಿ: ಪಳ್ತಿ, ಗುಮ್ಕ, ತ್ರೋಮೆ. ಇವನ್ನು ಊಹಿಸಲಾಗದು. ತಡವರಿಸಿದರೆ ಪರೀಕ್ಷೆ ಮಾಡಿಸಿ. ನಿಮ್ಹಾನ್ಸ್‌ನಲ್ಲಿ ಆಗುತ್ತದೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೂ ಆಗುತ್ತದೆ. ಒಟ್ಟು ಅಂಕ ಒಂದನ್ನೇ ನೋಡಬೇಡಿ. ಲೆಕ್ಕದಲ್ಲಿ ಮೇಲೆ, ಓದಿನಲ್ಲಿ ಕೆಳಗೆ, ಸೇರಿಸಿದರೆ ‘ಸಾಧಾರಣ’ ಅಂತ ಬಂದುಬಿಡುತ್ತದೆ. ಅಪ್ಪನನ್ನೂ ಕರೆದುಕೊಂಡು ಹೋಗಿ, ಅವರ ಶಾಲೆಯ ಕಥೆ ಬೇಕು.

ಸದಸ್ಯ, ಹಾಸನ: ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸಿ, 21 ದಿನ. ಫಾರ್ವರ್ಡ್ ಬಂದಿದೆ.

ಮನಶ್ಶಾಸ್ತ್ರಜ್ಞೆ: ಬೇಡ. ಬಜೆಯಿಂದ ಒತ್ತಕ್ಷರ ಬರಲ್ಲ. ಹೆಸರಿಲ್ಲದ ಬುದ್ಧಿಪುಡಿಗಳೂ ಬೇಡ, ಕೆಲವದರಲ್ಲಿ ಸೀಸ ಸಿಕ್ಕಿದೆ. ಸೀಸ ಮಿದುಳನ್ನೇ ಹಾಳು ಮಾಡುತ್ತದೆ. ಕಣ್ಣು ಕಟ್ಟಿ ಓದಿಸುವ ಕ್ಲಾಸಿಗೂ ದುಡ್ಡು ಸುರಿಯಬೇಡಿ.

ತಂದೆ, ಶಿವಮೊಗ್ಗ: ಪರೀಕ್ಷೆ ಎಲ್ಲಿ ಮಾಡಿಸುವುದು?

ಮನಶ್ಶಾಸ್ತ್ರಜ್ಞೆ: ಮೇಲೆ ಬರೆದಿದ್ದೇನೆ.

ನಿವೃತ್ತ ಮೇಷ್ಟ್ರು: ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ. ಎರಡು ಬಿಟ್ಟರೆ ಓದುತ್ತಿದ್ದರು.

ತಾಯಿ, ತಿಪಟೂರು: ಮಾವನವರಿಗೂ ಬಿಟ್ಟಿದ್ದರು ಸರ್. ನಾಲ್ಕು ವರ್ಷ ಹೊಡೆಸಿಕೊಂಡು ಹೆಬ್ಬೆಟ್ಟಾದರು.

ಸದಸ್ಯೆ, ಮಂಡ್ಯ: ನಮ್ಮ ಅತ್ತೆ ‘ನಿನ್ನ ತವರಿನ ಕಡೆಯಿಂದ ಬಂದಿದ್ದು’ ಅನ್ನುತ್ತಾರೆ. ಅವರ ಮಗ ಇವತ್ತಿಗೂ ವಾಟ್ಸಾಪ್‌ನಲ್ಲಿ ಬರೀ ವಾಯ್ಸ್ ಕಳಿಸೋದು!

ನಿವೃತ್ತ ಮೇಷ್ಟ್ರು: ಈಗಿನ ಹೆಣ್ಣುಮಕ್ಕಳು ಅತ್ತೆಯನ್ನು ಆಡಿಕೊಳ್ಳುವುದಕ್ಕೇ ಗುಂಪು ಸೇರುತ್ತಾರೆ.

ಸದಸ್ಯೆ, ಮಂಡ್ಯ: ನಿಮ್ಮ ಬೆತ್ತ ಮನೆಯಲ್ಲೇ ಇಡಿ ಮೇಷ್ಟ್ರೇ.

ತಂದೆ, ಶಿವಮೊಗ್ಗ: ಎಸ್‌ಎಸ್‌ಎಲ್‌ಸಿಗೆ ಏನಾದರೂ ರಿಯಾಯಿತಿ ಇದೆಯಾ?

ಮನಶ್ಶಾಸ್ತ್ರಜ್ಞೆ: ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕೂ ಸೇರಿದೆ. ಸರ್ಟಿಫಿಕೇಟ್ ಇದ್ದರೆ ಹೆಚ್ಚುವರಿ ಸಮಯ ಕೇಳಬಹುದು. ಹತ್ತನೇ ತರಗತಿಯ ಜನವರಿಯಲ್ಲಿ ಓಡಿ ಬರಬೇಡಿ.

ಅಜ್ಜಿ, ಧಾರವಾಡ: ಮೊಮ್ಮಗ ಎಡಗೈಯಲ್ಲಿ ಬರೀತಾನ. ಬಿಡಿಸಬೇಕೇನವಾ?

ಸದಸ್ಯ, ಹಾಸನ: ಬಜೆ ನಮ್ಮಜ್ಜಿ ಕೊಟ್ಟಿದ್ದು, ನಾನೇನು ದಡ್ಡನಾದೆನಾ?

ಸದಸ್ಯೆ, ಮಂಡ್ಯ: ಹೇಳಲಾ?

ಮನಶ್ಶಾಸ್ತ್ರಜ್ಞೆ: ನಾನು ಕ್ಲಿನಿಕ್‌ಗೆ ಹೊರಟೆ. ತಿಪಟೂರಿನವರೇ, ಆ ಮೂರು ಪದ ಓದಿಸಿ ನನಗೆ ಬರೆಯಿರಿ.