ಸಹಾಯ ಬೇಕು: 1994ರ ಎಸ್ಸೆಸ್ಸೆಲ್ಸಿ ಬ್ಯಾಚಿನ ಗ್ರೂಪ್ ಫೋಟೊ

ನಮ್ಮ ಹೈಸ್ಕೂಲಿನ ಹಳೇ ಸಹಪಾಠಿಗಳನ್ನು ಮತ್ತೆ ಸೇರಿಸುತ್ತಿದ್ದೇವೆ. ಬೀಳ್ಕೊಡುಗೆ ದಿನದ ಫೋಟೊ ಯಾರ ಮನೆಯಲ್ಲಿದ್ದರೂ ದಯವಿಟ್ಟು ಕಳಿಸಿ. ಫ್ರೇಮಿನ ಗಾಜಿಗೆ ಅಂಟಿಕೊಂಡಿದ್ದರೆ ಮಾತ್ರ ಕೀಳಬೇಡಿ. ಫೋಟೊದ ಚಿತ್ರವಿರುವ ಜೆಲಟಿನ್ ಪದರ ತೇವಕ್ಕೆ ಮೆತ್ತಗಾಗಿ ಗಾಜನ್ನು ಹಿಡಿದಿರುತ್ತದೆ, ಎಳೆದರೆ ಮುಖಗಳೇ ಕಿತ್ತುಬರುತ್ತವೆ. ಗಾಜಿನ ಸಮೇತ 600 ಡಿಪಿಐಗೆ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಸ್ಕ್ಯಾನ್ ಮಾಡಿಸಿ. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೊದಂತೆ ಹಾಕಿದರೆ ಕುಗ್ಗಿಹೋಗಿ ಹಿಂದಿನ ಸಾಲಿನವರ ಗುರುತು ಸಿಗುವುದಿಲ್ಲ, ಡಾಕ್ಯುಮೆಂಟ್ ಆಗಿಯೇ ಕಳಿಸಿ. ಫೋಟೊ ಅಂಟಿಸಿದ ರಟ್ಟಿನ ಮೇಲಿನ ಹೆಸರುಗಳೂ ಸ್ಕ್ಯಾನಿನಲ್ಲಿ ಬರಲಿ.

ಗೆಳತಿಯರನ್ನು ಹುಡುಕುವುದೇ ಕಷ್ಟ: ಮದುವೆಯಾದ ಮೇಲೆ ಎಷ್ಟೋ ಜನರ ಇನಿಷಿಯಲ್, ಊರು ಎರಡೂ ಬದಲಾಗಿವೆ. ಹಳೇ ಇನಿಷಿಯಲ್, ತಂದೆಯ ಹೆಸರು, ತವರೂರು ನೆನಪಿದ್ದಷ್ಟು ಮೆಸೇಜ್ ಮಾಡಿ. ಆಟೋಗ್ರಾಫ್ ಪುಸ್ತಕ ಉಳಿಸಿಕೊಂಡವರಿದ್ದರೆ ಇನ್ನೂ ಒಳ್ಳೆಯದು, ಅದರಲ್ಲಿ ಹಾರೈಕೆಯ ಕೆಳಗೆ ಮನೆ ವಿಳಾಸವೂ ಇರುತ್ತದೆ. ಫೋನ್ ನಂಬರನ್ನು ಅವರನ್ನು ಕೇಳದೆ ಇಲ್ಲಿ ಹಾಕಬೇಡಿ.