ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದೆ’ ಅಂತ ಬರೆಸಬೇಡಿ: ಗುತ್ತಿಗೆ ಕೆಲಸ, ದುಡಿಮೆಯ ಗಂಟೆ, ಆರೋಗ್ಯದ ಬಗ್ಗೆ ಪ್ರಶ್ನೋತ್ತರ

ಬಳಗದ ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. ಅದಕ್ಕೂ ಮೊದಲು ಹಲವು ವರ್ಷ ಕಾರ್ಖಾನೆಯೊಂದರಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಈ ವಾರ ದುಡಿಮೆಗೂ ಮೈಗೂ ಸಂಬಂಧಿಸಿದ ಪ್ರಶ್ನೆಗಳನ್ನಷ್ಟೇ ಕೇಳಿ. ನಿಮ್ಮ ಹೆಸರು ಬೇಡ, ಮಾಲೀಕರ ಹೆಸರಂತೂ ಬೇಡವೇ ಬೇಡ. ವಯಸ್ಸು, ಕೆಲಸ, ದಿನಕ್ಕೆ ಎಷ್ಟು ಗಂಟೆ ದುಡಿಯುತ್ತೀರಿ, ಇಷ್ಟು ಬರೆದರೆ ಸಾಕು.

ಪ್ರಶ್ನೆ (ಕಾರವಾರ, ಗೃಹಿಣಿ): ಡಾಕ್ಟ್ರೇ, ನಮ್ಮ ಯಜಮಾನರಿಗೆ 43 ವರ್ಷ. ಗುತ್ತಿಗೆದಾರರ ಕೈಕೆಳಗೆ ವಾಚ್‌ಮನ್. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು, ವಾರಕ್ಕೆ ಆರು ದಿನ. ಬದಲಿಗೆ ಬರುವವನು ಬಾರದಿದ್ದರೆ ಮರುದಿನವೂ ಅಲ್ಲೇ. ಬಿ.ಪಿ. 164/102 ಬಂದಿದೆ. ಗುಳಿಗೆ ಕೊಟ್ಟಿದ್ದಾರೆ, ಆದರೆ ಕೆಲಸದ ಜಾಗಕ್ಕೆ ಒಯ್ಯೋದಿಲ್ಲ. ಕಾಯಿಲೆ ಇದೆ ಅಂತ ಗೊತ್ತಾದರೆ ತೆಗೆದುಹಾಕ್ತಾರೆ ಅನ್ನೋ ಹೆದರಿಕೆ. ಇದು ಕೆಲಸದಿಂದಲೇ ಬಂದದ್ದಾ?

ಉತ್ತರ: ಕೆಲಸದಿಂದಲೇ ಬಂತು ಅಂತ ಒಬ್ಬ ವ್ಯಕ್ತಿಯ ವಿಷಯದಲ್ಲಿ ಯಾರೂ ಖಡಾಖಂಡಿತವಾಗಿ ಹೇಳಲಾರರು. ವಂಶ, ಉಪ್ಪು, ತೂಕ, ಬೀಡಿ ಎಲ್ಲವೂ ಸೇರಿರುತ್ತವೆ. ಆದರೆ ನಿಮ್ಮ ಯಜಮಾನರ ಲೆಕ್ಕ ನೋಡಿ: ಹನ್ನೆರಡಾರಲೆ ಎಪ್ಪತ್ತೆರಡು ಗಂಟೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. 2016ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ ಸುಮಾರು 7,45,000 ಸಾವುಗಳಿಗೆ ಹೀಗೆ ಮಿತಿಮೀರಿದ ದುಡಿಮೆ ಕಾರಣ ಎಂದು ಅವರು ಲೆಕ್ಕ ಹಾಕಿದ್ದಾರೆ.

ಇದರ ಮೇಲೆ ರಾತ್ರಿ ಪಾಳಿ. ನಾವು ಮಲಗಿದಾಗ ರಕ್ತದೊತ್ತಡ ಶೇ. 10ರಿಂದ 20ರಷ್ಟು ಇಳಿಯಬೇಕು, ರಕ್ತನಾಳಗಳಿಗೆ ಅದೇ ವಿಶ್ರಾಂತಿ. ರಾತ್ರಿ ಎಚ್ಚರವಿದ್ದು ಹಗಲು ಹಸುಗೂಸಿನ ಅಳು, ಮಿಕ್ಸರಿನ ಸದ್ದು, ಸೆಖೆಯ ನಡುವೆ ನಾಲ್ಕು ಗಂಟೆ ಹೊರಳಾಡುವವನಿಗೆ ಆ ಇಳಿತ ಸರಿಯಾಗಿ ಸಿಗುವುದಿಲ್ಲ.

ಈಗ ಮಾಡಬೇಕಾದ್ದು. ಗುಳಿಗೆಯನ್ನು ಕೆಲಸದ ಜಾಗಕ್ಕೆ ಒಯ್ಯುವ ಅಗತ್ಯವೇ ಇಲ್ಲದಂತೆ ಹೊಂದಿಸಬಹುದು. ದಿನಕ್ಕೊಂದೇ ಸಾಕಾಗುವ ಗುಳಿಗೆ ಆಗುತ್ತದೆಯೇ ಎಂದು ಅವರನ್ನು ನೋಡುವ ವೈದ್ಯರನ್ನೇ ಕೇಳಿ. ಆಗುತ್ತದೆಂದರೆ ಸಂಜೆ ಮನೆಯಿಂದ ಹೊರಡುವ ಮೊದಲು ನೀವೇ ಕೈಗೆ ಕೊಡಿ. ಪಾಳಿ ಯಾವುದೇ ಇರಲಿ, ಹೊತ್ತು ಒಂದೇ ಇರಲಿ. ಬೆಳಿಗ್ಗೆ ಬಂದವರು ತಿಂಡಿ ತಿಂದು ಕೂಡಲೇ ಮಲಗಲಿ, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನ್ ನಿಮ್ಮ ಹತ್ತಿರ ಇರಲಿ.

ಡಬಲ್ ಡ್ಯೂಟಿಯಾದ ದಿನ ಅವರಿಗೆ ಬೈಕ್ ಕೊಡಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಅಳೆದು ತೋರಿಸಿದ್ದು ಇದು: 17 ಗಂಟೆ ನಿದ್ದೆಗೆಟ್ಟವನ ಕೈ-ಕಣ್ಣಿನ ಚುರುಕು, ರಕ್ತದಲ್ಲಿ ಶೇ. 0.05 ಮದ್ಯ ಇರುವವನ ಮಟ್ಟಕ್ಕೆ ಕುಸಿಯುತ್ತದೆ. 24 ಗಂಟೆಯಾದರೆ ಅದು ಶೇ. 0.10ರ ಹತ್ತಿರ. ನಮ್ಮ ದೇಶದಲ್ಲಿ ಚಾಲಕನಿಗೆ ಕಾನೂನಿನ ಮಿತಿ ಶೇ. 0.03. ಒಂದು ಹನಿ ಕುಡಿಯದ ಮನುಷ್ಯ ಅದರ ಮೂರು ಪಟ್ಟು ಕುಡಿದವನಂತೆ ಹೆದ್ದಾರಿಗೆ ಇಳಿಯುತ್ತಾನೆ. ಬಸ್ಸಿಗೆ ಬರಲಿ, ಇಲ್ಲವೇ ಅಲ್ಲೇ ಅರ್ಧ ಗಂಟೆ ಮಲಗಿ ಎದ್ದು, ಮುಖ ತೊಳೆದು ಯಾರಾದರೊಬ್ಬರ ಹಿಂದೆ ಕೂತು ಬರಲಿ.

ಇನ್ನೊಂದು ಮಾತು, ಹೆದರಿಸಲಿಕ್ಕಲ್ಲ. ಬಾಯಿ ಒಂದು ಬದಿಗೆ ಸೊಟ್ಟಗಾದರೆ, ಎರಡೂ ಕೈ ಎತ್ತಿದಾಗ ಒಂದು ಕೈ ತಾನಾಗಿ ಇಳಿದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ, ಗಡಿಯಾರ ನೋಡಿ ಹೊತ್ತು ಬರೆದಿಟ್ಟುಕೊಳ್ಳಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವುದು ನಾಲ್ಕೂವರೆ ಗಂಟೆ, ಅದೂ ಸಿ.ಟಿ. ಸ್ಕ್ಯಾನ್ ಆದಮೇಲೆ. ದೊಡ್ಡ ಚಿಕಿತ್ಸೆಗೆ ನಮ್ಮ ಜಿಲ್ಲೆಯವರು ಗೋವಾ, ಹುಬ್ಬಳ್ಳಿ, ಮಣಿಪಾಲ ಅಂತ ಓಡಬೇಕು, ದಾರಿಯೇ ಅರ್ಧ ಹೊತ್ತನ್ನು ನುಂಗುತ್ತದೆ. ‘ಮಲಗಿ ಎದ್ದರೆ ಸರಿಹೋಗ್ತದೆ’ ಅಂತ ಕಾಯಬೇಡಿ, 108ಕ್ಕೆ ಕರೆಮಾಡಿ.

ಪ್ರಶ್ನೆ (ಅಂಕೋಲಾ ಬದಿ, ಮೀನು ಕೊಯ್ಯುವ ಶೆಡ್ಡಿನ ಕೆಲಸ, ಮಹಿಳೆ, 29): ಹೋದ ತಿಂಗಳು ಕತ್ತಿ ತಾಗಿ ಬೆರಳಿನ ನರ ಕಡಿದುಹೋಯ್ತು. ಮೇಸ್ತ್ರಿ ಗಾಡಿಯಲ್ಲಿ ಕರ್ಕೊಂಡು ಹೋಗಿ, ದಾರಿಯಲ್ಲಿ ‘ಮನೆಯಲ್ಲಿ ತರಕಾರಿ ಹೆಚ್ಚುವಾಗ ಆಯ್ತು ಅಂತ ಹೇಳು, ದುಡ್ಡು ನಾ ಕೊಡ್ತೆ’ ಅಂದ. ಹಾಗೇ ಹೇಳಿದೆ. ಈಗ ಬೆರಳು ಮಡಚೋಕೆ ಬರೋದಿಲ್ಲ, ಅವನು ಫೋನ್ ಎತ್ತೋದಿಲ್ಲ. ನನಗೆ ನೇಮಕದ ಪತ್ರ ಹೇಳಿ ಎಂತದೂ ಇಲ್ಲ.

ಉತ್ತರ: ತಂಗಿ, ನಿಮ್ಮ ಹಾಗೆ ಬರೆಸಿದವರನ್ನು ನಾನು ಎಷ್ಟು ನೋಡಿದ್ದೇನೆಂದರೆ, ಈಗ ಪೆಟ್ಟಾಗಿ ಬಂದವರ ಜತೆ ಬಂದವನನ್ನು ಮೊದಲು ಹೊರಗೆ ಕೂರಿಸಿ, ಆಮೇಲೆ ‘ಎಲ್ಲಿ ಆಯ್ತು?’ ಅಂತ ಕೇಳುತ್ತೇನೆ.

ನನ್ನ ಪಾಲಿಗೆ ಈ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಕತ್ತಿ ಎಲ್ಲ ಕಡೆಯೂ ಹರಿತ, ಯಂತ್ರ ಎಲ್ಲ ಕಡೆಯೂ ತಿರುಗುತ್ತದೆ. ಕಾಯಂ ನೌಕರ ಬೆರಳು ಕುಯ್ದುಕೊಂಡರೆ ಕೂಗುತ್ತಾನೆ, ರಜೆ ಪಡೆಯುತ್ತಾನೆ, ಮುಂದಿನ ವಾರ ಆ ಕತ್ತಿಗೆ ಹೊಸ ಹಿಡಿ ಬರುತ್ತದೆ. ನಾಳೆ ಕೆಲಸ ಇದೆಯೋ ಇಲ್ಲವೋ ಗೊತ್ತಿಲ್ಲದವಳು ಬಟ್ಟೆ ಸುತ್ತಿಕೊಂಡು ಮುಂದುವರಿಯುತ್ತಾಳೆ. ಅವಳ ಗಾಯ ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ, ಹಾಗಾಗಿ ಕತ್ತಿಯೂ ಬದಲಾಗುವುದಿಲ್ಲ, ಮುಂದಿನ ಗಾಯ ಪಕ್ಕದಲ್ಲಿ ಕೂತವಳಿಗೆ.

ನಿಮಗೆ ದಾರಿ ಮುಚ್ಚಿಲ್ಲ. ಕೆಲಸದಲ್ಲಾದ ಪೆಟ್ಟಿಗೆ ಪರಿಹಾರ ಕೊಡಬೇಕೆಂಬುದು 1923ರಿಂದಲೂ ಈ ದೇಶದ ಕಾನೂನಿನಲ್ಲಿದೆ. ಗುತ್ತಿಗೆದಾರನ ಮೂಲಕ ದುಡಿದಿದ್ದರೂ ಮೂಲ ಮಾಲೀಕನನ್ನೇ ಕೇಳಬಹುದು. ಅರ್ಜಿಗೆ ಎರಡು ವರ್ಷದ ಅವಧಿಯಿದೆ, ಆದರೆ ಕಾಯಬೇಡಿ. ಪತ್ರ ಇಲ್ಲದಿದ್ದರೇನು, ಕೂಲಿ ಬಂದ ಫೋನ್‌ಪೇ ದಾಖಲೆ, ‘ನಾಳೆ ನಾಲ್ಕಕ್ಕೆ ಬಾ’ ಎಂಬ ವಾಟ್ಸಾಪ್ ಸಂದೇಶ, ಹಾಜರಿ ಪುಸ್ತಕದ ಫೋಟೋ, ಜತೆಗೆ ಕೂತು ಮೀನು ಕೊಯ್ದ ಇಬ್ಬರ ಮಾತು, ಎಲ್ಲವೂ ಸಾಕ್ಷ್ಯವೇ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, ಸಹಾಯವಾಣಿ 15100. ಅಲ್ಲಿ ತರಕಾರಿಯ ಕಥೆ ಯಾಕೆ ಹೇಳಿದಿರಿ, ಯಾರು ಹೇಳಿಸಿದರು ಅನ್ನುವುದನ್ನೂ ಮುಚ್ಚಿಡದೆ ಹೇಳಿ.

ಬೆರಳಿನ ವಿಷಯ ಇನ್ನೂ ತುರ್ತು. ನೀವು ನರ ಅನ್ನುತ್ತಿರುವುದು ಬಹುಶಃ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿ. ಕಡಿದು ವಾರಗಳಾದಂತೆ ಅದರ ತುದಿ ಹಿಂದಕ್ಕೆ ಸರಿಯುತ್ತದೆ, ಜೋಡಿಸುವುದು ಕಷ್ಟವಾಗುತ್ತದೆ. ಈ ವಾರವೇ ಮೂಳೆ ತಜ್ಞರಿಗೆ ಇಲ್ಲವೇ ಕೈ ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಧನುರ್ವಾಯು ಇಂಜೆಕ್ಷನ್ ಆಗಿದೆಯೇ ನೋಡಿ. ಶೆಡ್ಡಿನಲ್ಲಿ ದುಡಿಯುವ ಉಳಿದವರಿಗೂ ಹೇಳಿ: ಮೀನಿನ ಮುಳ್ಳು ಚುಚ್ಚಿದ ಜಾಗ ಕೆಂಪಾಗಿ ಹರಡುತ್ತಿದ್ದರೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದರೆ, ಅರಿಶಿನ ಹಚ್ಚಿ ಕೂರಬೇಡಿ.

ಪ್ರಶ್ನೆ (ಬೈತಖೋಲ, ಬೋಟಿನ ಕಲಾಸಿ): ನಮಗೆ ಗಂಟೆಯ ಲೆಕ್ಕವೇ ಇಲ್ಲ, ಪಾಲಿನ ಮೇಲೆ ದುಡಿಮೆ. ಬಲೆ ಎಳೆದು, ಮೀನು ಬೇರ್ಪಡಿಸಿ ಒರಗಿದ್ರೆ ಮತ್ತೆ ಬಲೆ. ಮೂರನೇ ದಿನ ಬಲೆ ಎಳೆಯೋ ಯಂತ್ರ, ಆ ವಿಂಚಿನ ಹತ್ರ ನಿಂತಾಗ ಕಣ್ಣು ಕಟ್ತದೆ.

ಉತ್ತರ: ಕಣ್ಣು ಕಟ್ಟುವವನು ವಿಂಚಿನ ಹತ್ತಿರ ನಿಲ್ಲಬಾರದು, ಇದನ್ನು ಬೋಟ್ ನಡೆಸುವ ತಾಂಡೇಲರ ಹತ್ತಿರ ದಡದಲ್ಲೇ ಮಾತಾಡಿ ಒಪ್ಪಿಸಿಕೊಳ್ಳಿ. ಕಡಲಲ್ಲಿ ವಾದ ಬೇಡ. ಸರದಿಯಲ್ಲಿ ಒಬ್ಬೊಬ್ಬರಿಗೆ ತುಂಡಾಗದ ನಾಲ್ಕು ಗಂಟೆಯ ನಿದ್ದೆ ಸಿಕ್ಕರೂ ದೊಡ್ಡ ಅಂತರ ಆಗುತ್ತದೆ. ರೋಪ್ ಓಡುವಾಗ ಸಡಿಲ ಅಂಗಿ, ಕೈಗೆ ದಾರ, ಉಂಗುರ ಬೇಡ. ಮೀನುಗಾರರ ಅಪಘಾತ ವಿಮೆಯಲ್ಲಿ ಹೆಸರಿದೆಯೇ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಮತ್ಸ್ಯ ಸಂಪದಾ ಯೋಜನೆಯಡಿ ಸಾವಿಗೆ ಮತ್ತು ಪೂರ್ಣ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ವೈಕಲ್ಯಕ್ಕೆ 2.5 ಲಕ್ಷ ಇದೆ.

ಅದೇ ಸದಸ್ಯ: ಜೂನ್-ಜುಲೈ 61 ದಿನ ಮೀನುಗಾರಿಕೆ ಬಂದ್ ಇದ್ದಾಗಲೇ ನಿದ್ದೆ ಹೆಚ್ಚು ಹಾಳು, ಡಾಕ್ಟ್ರೇ. ಸಾಲದವರು ಬರ್ತಾರೆ.

ಉತ್ತರ: ನಿಮ್ಮ ಮಾತು ನನಗೆ ಅರ್ಥ ಆಗುತ್ತದೆ. ದುಡಿಮೆ ಹೆಚ್ಚಾದರೆ ಹೇಗೆ ಮೈ ಕೆಡುತ್ತದೋ, ದುಡಿಮೆ ಇಲ್ಲದ ದಿನದ ಚಿಂತೆಯಿಂದಲೂ ಹಾಗೇ ಕೆಡುತ್ತದೆ. ಮಳೆಗಾಲದಲ್ಲಿ ನನ್ನ ಹತ್ತಿರ ಎದೆ ಬಡಿತ, ಹೊಟ್ಟೆ ಉರಿ ಅಂತ ಬಂದವರಲ್ಲಿ ಎಷ್ಟೋ ಜನರ ಇಸಿಜಿ ಸರಿಯಾಗೇ ಇತ್ತು. ಎರಡು ವಾರ ನಿದ್ದೆ ಬಾರದಿದ್ದರೆ, ಬದುಕು ಬೇಡ ಅನ್ನಿಸಿದರೆ ಅದೇ ಕ್ಷಣ, 14416ಕ್ಕೆ ಕರೆಮಾಡಿ. ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ (ಶಿರಸಿ, ಅಡಿಕೆ ಬೆಳೆಗಾರ): ನಾನು ಕೆಲಸ ಕೊಡುವವನು. ಮಳೆ ನಿಂತು ಹೊಳವಾದ ಕೂಡಲೇ ಮದ್ದು ಹೊಡೆಯಲು ಎಲ್ಲರಿಗೂ ಅಡಿಕೆ ಮರ ಹತ್ತುವ ಕೊನೆಗೌಡ ಬೇಕು. ಒಂದೇ ದಿನ ಮೂರು ತೋಟ ಮಾಡ್ತಾನೆ. ನಾನು ಏನು ಮಾಡಬಹುದು?

ಉತ್ತರ: ಕೇಳಿದ್ದಕ್ಕೆ ಧನ್ಯವಾದ, ಕೊಡುವ ಕೈಯಿಂದ ಈ ಪ್ರಶ್ನೆ ಬರುವುದು ಅಪರೂಪ. ಲೆಕ್ಕದ ಕೂಲಿ ಅವಸರವನ್ನು ಹುಟ್ಟಿಸುತ್ತದೆ. ಮಳೆ ಹಿಡಿದು ಕೂತ ದಿನಕ್ಕೂ ಒಂದಿಷ್ಟು ಖಾತ್ರಿ ಕೂಲಿ ಕೊಟ್ಟರೆ, ಹೊಳವಿನ ದಿನ ಆತ ಮೂರನೇ ತೋಟಕ್ಕೆ ಓಡಬೇಕಾಗಿಲ್ಲ. ಪಾಚಿ ಕಟ್ಟಿದ ಮರ, ದಣಿದ ತೊಡೆ, ಸಂಜೆಯ ಮಬ್ಬು ಮೂರೂ ಕೂಡಿದಾಗ ಏರಿಸಬೇಡಿ. ಊಟ ನಿಮ್ಮ ಮನೆಯಲ್ಲೇ ಆಗಲಿ, ಹೊಟ್ಟೆ ತುಂಬ. ಅಕಸ್ಮಾತ್ ಬಿದ್ದರೆ ಎಬ್ಬಿಸಿ ಕೂರಿಸಿ ನೀರು ಕುಡಿಸಬೇಡಿ, ಜೀಪಿನ ಸೀಟಿನಲ್ಲಿ ಮಡಚಿ ಹಾಕಬೇಡಿ. ಕುತ್ತಿಗೆ-ಬೆನ್ನು ಅಲುಗದಂತೆ ಇರುವಲ್ಲೇ ಮಲಗಿಸಿ, ಆಂಬುಲೆನ್ಸ್ ಕರೆಸಿ. ಆ ಹತ್ತು ನಿಮಿಷದ ಗಡಿಬಿಡಿಯಲ್ಲಿ ಬೆನ್ನುಹುರಿ ಕಳಕೊಂಡವರಿದ್ದಾರೆ.

ಪ್ರಶ್ನೆ (ಯಲ್ಲಾಪುರ, ಲಾರಿ ಚಾಲಕ): ಅರಬೈಲ್ ಘಾಟಿಯಲ್ಲಿ ನಿದ್ದೆ ತಡೆಯೋಕೆ ಏನು ತಗೊಳ್ಳಲಿ?

ಉತ್ತರ: ನಿದ್ದೆಯನ್ನೇ ತಗೊಳ್ಳಿ. ಚಹಾ ಕುಡಿದು ಕೂಡಲೇ ಇಪ್ಪತ್ತು ನಿಮಿಷ ಮಲಗಿ, ಏಳುವಾಗ ಚಹಾ ಕೆಲಸ ಮಾಡುತ್ತಿರುತ್ತದೆ. ಗುಟ್ಕಾ, ಜೋರು ಹಾಡು ನಿದ್ದೆಯನ್ನು ತಡೆಯುವುದಿಲ್ಲ. ನಿಲ್ಲಿಸುವ ಜಾಗವನ್ನು ಮಾತ್ರ ನೋಡಿ ನಿಲ್ಲಿಸಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾದ ಅಂಗಡಿಯ ಹತ್ತಿರ ನಿಂತಿದ್ದ ಲಾರಿಗಳು, ಚಾಲಕರು ಸಿಕ್ಕಿಹಾಕಿಕೊಂಡದ್ದು ನಮಗೆಲ್ಲ ಗೊತ್ತಿದೆ. ದಣಿದವನು ನಿಲ್ಲಲೇಬೇಕು, ಅವನಿಗೆ ನಿಲ್ಲಲು ಭದ್ರವಾದ ಜಾಗ ಕೊಡುವುದು ರಸ್ತೆ ಕಟ್ಟಿದವರ ಹೊಣೆ.

ಒಬ್ಬ ಸದಸ್ಯರು: ಡಾಕ್ಟ್ರೇ, ಬೇಜಾರು ಮಾಡ್ಕೋಬೇಡಿ. ರಜೆ, ನಿದ್ದೆ, ದೂರು ಎಲ್ಲ ಹೇಳೋದು ಸುಲಭ. ನಾಳೆ ಕೆಲಸ ಹೋದರೆ ಅನ್ನ ನೀವು ಹಾಕ್ತೀರಾ?

ಉತ್ತರ: ಬೇಜಾರಿಲ್ಲ, ಕೇಳಬೇಕಾದ ಮಾತೇ. ವರ್ಷಗಳ ಹಿಂದೆ ಸಿದ್ದಾಪುರ ಬದಿಯ ಒಬ್ಬ ಕೂಲಿಯವನಿಗೆ ಜ್ವರಕ್ಕೆ ‘ಏಳು ದಿನ ವಿಶ್ರಾಂತಿ’ ಅಂತ ಬರೆದುಕೊಟ್ಟಿದ್ದೆ. ಚೀಟಿ ಮಡಚಿ ಜೇಬಿಗಿಟ್ಟು ಮರುದಿನವೇ ಗದ್ದೆಗಿಳಿದ. ಐದನೇ ದಿನ ಕಣ್ಣು ಹಳದಿಯಾಗಿ, ಮೂತ್ರ ನಿಂತು ಬಂದ. ಇಲಿಜ್ವರ. ಬದುಕಿದ, ಆದರೆ ಹುಬ್ಬಳ್ಳಿಯ ಆಸ್ಪತ್ರೆಯ ಖರ್ಚಿಗೆ ಹಸು ಮಾರಿದರು. ನನ್ನ ತಪ್ಪು ಅಲ್ಲಿದೆ: ಏಳು ದಿನ ಕೂತರೆ ಮನೆಯಲ್ಲಿ ಏನಾಗುತ್ತದೆ ಅಂತ ನಾನು ಕೇಳಲೇ ಇಲ್ಲ. ಈಗ ಕೇಳುತ್ತೇನೆ, ‘ಎಷ್ಟು ದಿನ ಕೂರಲಿಕ್ಕೆ ಆಗ್ತದೆ?’ ಎರಡು ಅಂದರೆ ಎರಡು ದಿನದಲ್ಲಿ ಆಗಬೇಕಾದ ರಕ್ತಪರೀಕ್ಷೆ, ಔಷಧ ಎಲ್ಲ ಆ ಎರಡರೊಳಗೇ ಮುಗಿಸುತ್ತೇನೆ.

ಸಂಬಳದಿಂದ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಡಿತ ಆಗುತ್ತಿದ್ದರೆ ಕಾಯಿಲೆಯ ರಜೆಗೆ ದಿನಗೂಲಿಯ ಶೇ. 70, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ತಿಂಗಳಿಗೆ 21,000 ರೂ. ಒಳಗೆ ಸಂಬಳ ಇರುವವರು ತಮ್ಮ ಸಂಬಳದ ಚೀಟಿ ಒಮ್ಮೆ ನೋಡಿಕೊಳ್ಳಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕಡ್ಡಾಯ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ. ಒಬ್ಬರೇ ಹೋಗಿ ಕೇಳಿದರೆ ಕೆಲಸ ಹೋಗಬಹುದು, ಹತ್ತು ಜನ ಒಂದೇ ಕಾಗದಕ್ಕೆ ಸಹಿ ಹಾಕಿದರೆ ಹತ್ತೂ ಜನರನ್ನು ತೆಗೆಯುವುದು ಕಷ್ಟ. ಅನ್ನದ ಪ್ರಶ್ನೆಗೆ ನನ್ನ ಹತ್ತಿರ ಇರುವ ಪ್ರಾಮಾಣಿಕ ಉತ್ತರ ಇಷ್ಟೇ.

ಮೊದಲ ಪ್ರಶ್ನೆ ಕೇಳಿದವರು: ಡಾಕ್ಟ್ರೇ, ನಿನ್ನೆ ಡಬಲ್ ಡ್ಯೂಟಿ ಆಯ್ತು. ಬೈಕ್ ಅಲ್ಲೇ ಬಿಟ್ಟು ಬಸ್ಸಿಗೆ ಬಂದರು. ಈಗ ಮಲಗಿದ್ದಾರೆ. ಗುಳಿಗೆ ಹತ್ತು ದಿನ ತಪ್ಪಿಲ್ಲ, ಬಿ.ಪಿ. 146/92.

ಉತ್ತರ: ಬಹಳ ಸಂತೋಷ. ಇಳಿಯಿತೆಂದು ಗುಳಿಗೆ ನಿಲ್ಲಿಸಬೇಡಿ, ಇನ್ನೂ ಇಳಿಯಬೇಕು. ಎದ್ದಮೇಲೆ ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೊಮ್ಮೆ ನೋಡಿ, ಬರೆದಿಡಿ. ಅದೇ ಪುಸ್ತಕದಲ್ಲಿ ಅವತ್ತು ಎಷ್ಟು ಗಂಟೆ ದುಡಿದರು ಅನ್ನುವುದನ್ನೂ ಪಕ್ಕದಲ್ಲೇ ಬರೆಯಿರಿ. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಆ ಪುಸ್ತಕ ಒಯ್ಯಿರಿ.